ಗಾಯ ಅಳೆಯುವ ಕೃತಕ ಬುದ್ಧಿಮತ್ತೆ: ಮಧುಮೇಹಿಗಳ ಪಾದರಕ್ಷಣೆಯಲ್ಲಿ ನಮ್ಮ ಹೊಣೆ

ಕೃತಕ ಬುದ್ಧಿಮತ್ತೆಯ ಕುರಿತ ಚರ್ಚೆ ಇಂದು ಪತ್ರಿಕೆಗಳ ಮುಖಪುಟದಿಂದ ಹಿಡಿದು ಹಳ್ಳಿಯ ಕಟ್ಟೆಯವರೆಗೂ ಹಬ್ಬಿದೆ. ಉದ್ಯೋಗ ಉಳಿಯುವುದೇ, ಹೋಗುವುದೇ ಎಂಬ ಪ್ರಶ್ನೆಯ ಗದ್ದಲದಲ್ಲಿ ಅದರ ಒಂದು ಉಪಯೋಗವು ಜನಸಾಮಾನ್ಯರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಮನುಷ್ಯನ ಮೈಮೇಲಿನ ಗಾಯದ ಛಾಯಾಚಿತ್ರವನ್ನು ನೋಡಿ, ಅದರ ವಿಸ್ತೀರ್ಣವನ್ನು ಅಳೆದು, ಮಾಯುತ್ತಿರುವ ಭಾಗ ಯಾವುದು, ಕೊಳೆತ ಭಾಗ ಯಾವುದು ಎಂದು ವಿಂಗಡಿಸುವ ತಂತ್ರಾಂಶಗಳು ಪ್ರಪಂಚದ ಹಲವು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿವೆ. ಮೇಲ್ನೋಟಕ್ಕೆ ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಸಂಗತಿಯೆನಿಸಬಹುದು. ಆದರೆ ಸಕ್ಕರೆ ಕಾಯಿಲೆ ಮನೆಮನೆಯನ್ನು ಹೊಕ್ಕಿರುವ ಈ ಕಾಲದಲ್ಲಿ, ಅಂಗಾಲಿನ ಒಂದು ಸಣ್ಣ ಹುಣ್ಣು ದುಡಿಯುವ ಮನುಷ್ಯನ ಕಾಲನ್ನೇ ಕಳೆಯಬಲ್ಲದು. ಕಾಲು ಹೋದರೆ ಕಾಯಕ ನಿಲ್ಲುತ್ತದೆ. ಕಾಯಕ ನಿಂತರೆ ಆ ಕುಟುಂಬದ ದಾಸೋಹವೂ ನಿಲ್ಲುತ್ತದೆ. ಆದುದರಿಂದ ಈ ವಿಷಯವನ್ನು ಸಮಾಜವು ತಿಳಿದುಕೊಳ್ಳುವುದು ಅವಶ್ಯ.

ಸಮಸ್ಯೆಯ ಗಾತ್ರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ನಗರವಾಸಿ ವಯಸ್ಕರಲ್ಲಿ ನೂರಕ್ಕೆ 16.4ರಷ್ಟು, ಗ್ರಾಮವಾಸಿಗಳಲ್ಲಿ ನೂರಕ್ಕೆ 8.9ರಷ್ಟು ಜನರಿಗೆ ಈ ಕಾಯಿಲೆ ಇದೆ. ಇದು ಶ್ರೀಮಂತರ ರೋಗ, ಪೇಟೆಯವರ ರೋಗ ಎಂಬ ಹಳೆಯ ಮಾತಿಗೆ ಈಗ ಅರ್ಥ ಉಳಿದಿಲ್ಲ.

ಸಕ್ಕರೆಯ ಅಂಶ ವರ್ಷಗಟ್ಟಲೆ ಹತೋಟಿ ತಪ್ಪಿದಾಗ ಪಾದಗಳಿಗೆ ಎರಡು ವಿಧದ ಹಾನಿಯಾಗುತ್ತದೆ. ಮೊದಲನೆಯದು, ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಹೊಲದಲ್ಲಿ ಜಾಲಿಮುಳ್ಳು ನೆಟ್ಟರೂ, ಚಪ್ಪಲಿಯ ಉಂಗುಷ್ಟ ಉಜ್ಜಿ ಚರ್ಮ ಕಿತ್ತರೂ ನೋವು ತಿಳಿಯುವುದಿಲ್ಲ. ಎರಡನೆಯದು, ರಕ್ತನಾಳಗಳು ಕಿರಿದಾಗಿ ಗಾಯ ಮಾಯಲು ಬೇಕಾದ ರಕ್ತ ಪಾದಕ್ಕೆ ತಲುಪುವುದಿಲ್ಲ. ಮಧುಮೇಹಿಗಳಲ್ಲಿ ಶೇಕಡಾ 19ರಿಂದ 34ರಷ್ಟು ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಬರುವ ಸಂಭವವಿದೆಯೆಂದು ವೈದ್ಯಕೀಯ ಅಂದಾಜು. ಒಮ್ಮೆ ಮಾಯ್ದ ಹುಣ್ಣು ಒಂದೇ ವರ್ಷದೊಳಗೆ ಸುಮಾರು ಶೇಕಡಾ 40ರಷ್ಟು ಜನರಲ್ಲಿ ಮರುಕಳಿಸುತ್ತದೆ. ಮಧುಮೇಹಿಗಳ ಕಾಲು ಕತ್ತರಿಸಬೇಕಾದ ಪ್ರಸಂಗಗಳಲ್ಲಿ ಬಹುಪಾಲು ಆರಂಭವಾಗುವುದು ಇಂಥದೊಂದು ಹುಣ್ಣಿನಿಂದಲೇ.

ನೋವೆಂಬುದು ದೇಹದ ಕಾವಲುಗಾರ. ಕಾವಲುಗಾರನಿಲ್ಲದ ಮನೆಗೆ ಕಳ್ಳ ಹೊಕ್ಕದ್ದು ಬೆಳಗಾದ ಮೇಲೆಯೇ ತಿಳಿಯುತ್ತದೆ. ‘ನೋವಿಲ್ಲ, ಹೀಗಾಗಿ ಅವಸರವಿಲ್ಲ’ ಎಂಬ ಮಾತೇ ನಮ್ಮ ಭಾಗದಲ್ಲಿ ಎಷ್ಟೋ ಕಾಲುಗಳನ್ನು ಬಲಿ ಪಡೆದಿದೆ. ವಾಸ್ತವವಾಗಿ ಮಧುಮೇಹಿಯ ಪಾದದ ಗಾಯ ನೋಯದಿದ್ದರೆ ಅವಸರ ಹೆಚ್ಚಾಗಬೇಕು.

ಅಳತೆ ಏಕೆ ಮುಖ್ಯ

ಹುಬ್ಬಳ್ಳಿಯ ದೇಶಪಾಂಡೆ ನಗರವನ್ನು ಸಂಗೀತಪ್ರಿಯರು ಸವಾಯಿ ಗಂಧರ್ವರ ಹೆಸರಿನ ಸಭಾಭವನದಿಂದ ಬಲ್ಲರು. ರೋಗಿಗಳ ಕುಟುಂಬದವರು ಅದೇ ಬಡಾವಣೆಯನ್ನು ವಿವೇಕಾನಂದ ಜನರಲ್ ಆಸ್ಪತ್ರೆಯ ವಿಳಾಸವಾಗಿ ಬಲ್ಲರು. ಅಲ್ಲಿಂದ ವಿದ್ಯಾನಗರಕ್ಕೆ ಹೋದರೆ 1957ರಲ್ಲಿ ಆರಂಭವಾದ, ಕಿಮ್ಸ್ ಎಂದೇ ಜನಜನಿತವಾಗಿ ಈಗ ಕೆಎಂಸಿಆರ್‌ಐ ಎಂಬ ಹೆಸರು ಪಡೆದಿರುವ ಸರಕಾರಿ ಆಸ್ಪತ್ರೆ ಸಿಗುತ್ತದೆ. ನವಲಗುಂದ, ಕುಂದಗೋಳ, ಕಲಘಟಗಿಗಳ ಜನರಷ್ಟೇ ಅಲ್ಲ, ಗದಗ, ಹಾವೇರಿ, ಕೊಪ್ಪಳ ಜಿಲ್ಲೆಗಳ ಜನರೂ ಚಿಕಿತ್ಸೆಗಾಗಿ ಈ ನಗರವನ್ನು ನೆಚ್ಚಿಕೊಂಡಿದ್ದಾರೆ. ಆದರೆ ಪಾದದ ಹುಣ್ಣು ಒಂದು ಭೇಟಿಗೆ ಮುಗಿಯುವಂಥದ್ದಲ್ಲ. ವಾರಕ್ಕೆ ಎರಡು ಮೂರು ಸಲ ಪಟ್ಟಿ ಬದಲಿಸಬೇಕು, ತಿಂಗಳುಗಟ್ಟಲೆ ನಡೆಯಬೇಕು. ಪ್ರತಿ ಭೇಟಿಗೂ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬ ಮನೆಯವರು ಬೇಕು. ಆದ್ದರಿಂದ ಪಟ್ಟಿ ಊರಿನಲ್ಲೇ ಕಟ್ಟಿಸಿಕೊಳ್ಳುವುದು, ದೊಡ್ಡ ವೈದ್ಯರನ್ನು ತಿಂಗಳಿಗೊಮ್ಮೆ ಕಾಣುವುದು ರೂಢಿಯಾಗಿದೆ. ಗಾಯ ಹಿಗ್ಗಿತೇ, ಕುಗ್ಗಿತೇ ಎಂಬುದು ಈ ನಡುವಿನ ದಿನಗಳಲ್ಲಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಈ ಲೆಕ್ಕದ ಮಹತ್ವವನ್ನು 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಸ್ಪಷ್ಟಪಡಿಸಿತು. 203 ರೋಗಿಗಳ ಪಾದದ ಹುಣ್ಣುಗಳನ್ನು ಅಲ್ಲಿ ಅಳೆಯಲಾಯಿತು. ಮೊದಲ 4 ವಾರಗಳಲ್ಲಿ ವಿಸ್ತೀರ್ಣವು ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗಿ ಕುಗ್ಗಿದವರಲ್ಲಿ ಶೇಕಡಾ 58ರಷ್ಟು ಜನ 12 ವಾರಗಳಲ್ಲಿ ಸಂಪೂರ್ಣ ಗುಣಮುಖರಾದರು. ಅಷ್ಟು ಕುಗ್ಗದವರಲ್ಲಿ ಗುಣವಾದವರು ಶೇಕಡಾ 9 ಮಾತ್ರ. ಎಂದರೆ, ನಾಲ್ಕು ವಾರ ಕಳೆದರೂ ಗಾಯ ಅರ್ಧದಷ್ಟಾಗದಿದ್ದರೆ ಅದೇ ಮುಲಾಮು, ಅದೇ ಪಟ್ಟಿಯನ್ನು ಮುಂದುವರಿಸದೆ ರಕ್ತಸಂಚಾರ, ಸೋಂಕು, ಪಾದದ ಮೇಲಿನ ಒತ್ತಡಗಳನ್ನು ಮರುಪರಿಶೀಲಿಸಬೇಕು. ಈ ನಿರ್ಧಾರಕ್ಕೆ ಬೇಕಾದದ್ದು ನಂಬಲರ್ಹವಾದ ಅಳತೆ.

ಸಾಮಾನ್ಯವಾಗಿ ಗಾಯವನ್ನು ಅಳತೆಪಟ್ಟಿಯಿಂದ ಉದ್ದ, ಅಗಲ ನೋಡಿ ಗುಣಿಸುತ್ತಾರೆ. 4 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲವಿದ್ದರೆ 12 ಚದರ ಸೆಂಟಿಮೀಟರ್ ಎಂದು ಬರೆಯುತ್ತಾರೆ. ಆದರೆ ಗಾಯವು ಚೌಕಾಕಾರವಲ್ಲ. ಅದು ಮೊಟ್ಟೆಯಾಕಾರದಲ್ಲಿದ್ದರೆ ನಿಜವಾದ ವಿಸ್ತೀರ್ಣ ಸುಮಾರು 9.4 ಮಾತ್ರ. ಇಂದು ಒಬ್ಬರು ನೇರವಾಗಿ, ಮುಂದಿನ ವಾರ ಇನ್ನೊಬ್ಬರು ಓರೆಯಾಗಿ ಅಳೆದರೆ ಮಾಯುತ್ತಿರುವ ಗಾಯ ಬೆಳೆದಂತೆಯೂ, ಬೆಳೆಯುತ್ತಿರುವ ಗಾಯ ಮಾಯ್ದಂತೆಯೂ ತೋರಬಹುದು.

ಯಂತ್ರವು ಏನನ್ನು ನೋಡುತ್ತದೆ

ಈ ಕೊರತೆಯನ್ನು ತುಂಬಲು ಕೃತಕ ಬುದ್ಧಿಮತ್ತೆ ಮುಂದೆ ಬಂದಿದೆ. ಗಾಯದ ಪಕ್ಕದಲ್ಲಿ ಅಳತೆ ಗೊತ್ತಿರುವ ಒಂದು ಚೀಟಿಯನ್ನು ಅಂಟಿಸಿ ಮೊಬೈಲ್‌ನಲ್ಲಿ ಚಿತ್ರ ತೆಗೆಯಲಾಗುತ್ತದೆ. ತಜ್ಞರು ಗಾಯದ ಅಂಚನ್ನು ಗುರುತಿಸಿಕೊಟ್ಟ ಸಾವಿರಾರು ಚಿತ್ರಗಳಿಂದ ಕಲಿತ ತಂತ್ರಾಂಶವು ಹೊಸ ಚಿತ್ರದಲ್ಲಿಯೂ ಅಂಚನ್ನು ಗುರುತಿಸಿ, ಚೀಟಿಯ ಅಳತೆಗೆ ಹೋಲಿಸಿ ವಿಸ್ತೀರ್ಣವನ್ನು ಹೇಳುತ್ತದೆ. ಬಳಿಕ ಬಣ್ಣವನ್ನು ವಿಂಗಡಿಸುತ್ತದೆ. ಕೆಂಪು ಹೊಸ ಮಾಂಸದ ಲಕ್ಷಣ. ಹಳದಿ ಕಸಮಾಂಸದ ಲಕ್ಷಣ. ಕಪ್ಪು ಸತ್ತ ಭಾಗದ ಲಕ್ಷಣ. ಅಂಚಿನಿಂದ ಒಳಬರುವ ತಿಳಿಗುಲಾಬಿ ಹೊಸ ಚರ್ಮದ ಲಕ್ಷಣ. ಅನುಭವೀ ಶುಶ್ರೂಷಕಿಯರು ಇದನ್ನು ಕಣ್ಣಳತೆಯಿಂದಲೇ ಬಲ್ಲರು. ಯಂತ್ರದ ಹೆಚ್ಚುಗಾರಿಕೆಯಿರುವುದು ಅದು ಪ್ರತಿ ವಾರವೂ ಒಂದೇ ರೀತಿಯಲ್ಲಿ ಅಳೆದು, ದಾಖಲೆಯನ್ನು ಉಳಿಸಿ, ಹಳ್ಳಿಯ ಚಿತ್ರವನ್ನು ನಗರದ ತಜ್ಞರ ಮುಂದಿಡಬಲ್ಲದು ಎಂಬಲ್ಲಿ.

ಕಣ್ಣಿಗೆ ಕಾಣದ್ದನ್ನು ಕಾಣಿಸುವ ಚಿತ್ರಣ ವಿಧಾನಗಳೂ ಇವೆ. ನೇರಳೆ ಬೆಳಕನ್ನು ಗಾಯದ ಮೇಲೆ ಚೆಲ್ಲಿದಾಗ ಕೆಲವು ಜಾತಿಯ ರೋಗಾಣುಗಳು ತಮ್ಮೊಳಗಿನ ರಾಸಾಯನಿಕದಿಂದಾಗಿ ಕೆಂಪಗೆ ಹೊಳೆಯುತ್ತವೆ. ಕೆನಡಾದ ಮಾಲೆಕ್ಯುಲೈಟ್ ಸಾಧನ ಈ ತತ್ತ್ವವನ್ನು ಆಧರಿಸಿದೆ. ನಮ್ಮ ನೆರೆಯ ಚೆನ್ನೈನ ಅಡಿಯುವೋ ಡಯಾಗ್ನಾಸ್ಟಿಕ್ಸ್ ಸಂಸ್ಥೆಯು ರೂಪಿಸಿದ ‘ಇಲ್ಯುಮಿನೇಟ್’ ಎಂಬ ಕೈಸಾಧನವೂ ಇದೇ ದಿಕ್ಕಿನ ಪ್ರಯತ್ನ. ಉಷ್ಣಚಿತ್ರಣದ ವಿಧಾನ ಇನ್ನೊಂದು. ಒಂದು ಪಾದದ ಯಾವುದೇ ಭಾಗವು ಇನ್ನೊಂದು ಪಾದದ ಅದೇ ಭಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗಿದ್ದರೆ ಅದು ಹುಣ್ಣಾಗುವ ಮೊದಲಿನ ಎಚ್ಚರಿಕೆಯೆಂದು ವೈದ್ಯರು ಪರಿಗಣಿಸುತ್ತಾರೆ.

ಎಲ್ಲ ಪರಿಹಾರಗಳೂ ಕೃತಕ ಬುದ್ಧಿಮತ್ತೆಯಿಂದಲೇ ಬರಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಕರ್ನಾಟಕ ಅಂತಃಸ್ರಾವಶಾಸ್ತ್ರ ಮತ್ತು ಸಂಶೋಧನಾ ಸಂಸ್ಥೆಗಳು ಕೂಡಿ, ಪಾದದ ಮೇಲಿನ ಒತ್ತಡವನ್ನು ತಾನಾಗಿ ಹಂಚುವ ವಿಶೇಷ ಪಾದರಕ್ಷೆಯನ್ನು ರೂಪಿಸಿರುವುದನ್ನು 2021ರಲ್ಲಿ ಪ್ರಕಟಿಸಿದವು. ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ಇಂಥ ಚಪ್ಪಲಿಯೂ ಔಷಧಿಯಷ್ಟೇ ಮುಖ್ಯವಾದುದು.

ಚಿತ್ರಕ್ಕೆ ಸಿಗದಿರುವ ಸಂಗತಿಗಳು

ಇಷ್ಟೆಲ್ಲ ಗುಣಗಳಿದ್ದರೂ ಛಾಯಾಚಿತ್ರವು ಗಾಯದ ಮೇಲ್ಮೈಯನ್ನು ಮಾತ್ರ ಕಾಣಬಲ್ಲದು. ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂಬುದು ನಾಡಿ ಮುಟ್ಟಿ ನೋಡಿದಾಗ, ಡಾಪ್ಲರ್ ಪರೀಕ್ಷೆ ಮಾಡಿದಾಗ ತಿಳಿಯುತ್ತದೆ. ಸ್ಪರ್ಶಜ್ಞಾನ ಉಳಿದಿದೆಯೇ ಎಂಬುದು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿದಾಗ ತಿಳಿಯುತ್ತದೆ. ಸೋಂಕು ಎಲುಬಿಗೆ ಇಳಿದಿದೆಯೇ ಎಂಬುದನ್ನು ವೈದ್ಯರು ಸಲಾಕೆಯಿಂದ ಪರೀಕ್ಷಿಸುತ್ತಾರೆ, ಎಕ್ಸ್-ರೇ ತೆಗೆಸುತ್ತಾರೆ. ಎಲುಬಿನ ಸೋಂಕು ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳಲು ಎರಡು ಮೂರು ವಾರಗಳೇ ಹಿಡಿಯುವುದರಿಂದ ಕೆಲವೊಮ್ಮೆ ಎಂಆರ್‌ಐ ಬೇಕಾಗುತ್ತದೆ. ಗಾಯದ ವಾಸನೆ, ರೋಗಿಯ ಜ್ವರ, ಮನೆಯಲ್ಲಿ ಊಟದ ಸ್ಥಿತಿ, ಇನ್ಸುಲಿನ್ ತಪ್ಪಿದ ದಿನಗಳು ಇವಾವುವೂ ಚಿತ್ರದಲ್ಲಿಲ್ಲ. ಮೇಲೆ ಬಟಾಣಿಯಷ್ಟೇ ತೋರುವ ಹುಣ್ಣು ಒಳಗೆ ಹಿಮ್ಮಡಿಯವರೆಗೂ ಹಬ್ಬಿರಬಹುದು. ಮೊಬೈಲ್ ‘ಚಿಕ್ಕ ಗಾಯ’ ಎಂದಿತೆಂದು ನೆಮ್ಮದಿಯಿಂದಿರುವುದು ಅಪಾಯಕಾರಿ.

ಇನ್ನೊಂದು ತೊಡಕು ಚರ್ಮದ ಬಣ್ಣದ್ದು. ಸೋಂಕಿನ ಮೊದಲ ಲಕ್ಷಣವಾದ ಕೆಂಪು ಬಿಳಿಯ ಚರ್ಮದಲ್ಲಿ ಎದ್ದು ಕಾಣುತ್ತದೆ. ಕಂದು, ಕಪ್ಪು ಚರ್ಮದಲ್ಲಿ ಮಸುಕಾಗಿರುತ್ತದೆ. ಬಿಳಿಯರ ಪಾದಗಳ ಚಿತ್ರಗಳಿಂದಲೇ ಕಲಿತ ಯಂತ್ರವು ನಮ್ಮ ರೈತರ ಪಾದದಲ್ಲಿ ಅದನ್ನು ಕಾಣದೆಯೇ ಹೋಗಬಹುದು. ಇದು ಬರಿಯ ಊಹೆಯಲ್ಲ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಸಾಧನವು ಅಪಾಯಕಾರಿ ಕೊರತೆಯನ್ನು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸಲು ಸೋಲುತ್ತದೆಯೆಂದು 2020ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ನಮ್ಮಲ್ಲಿ ಇದಕ್ಕೆ ಇನ್ನೂ ಕೆಲವು ಸೇರುತ್ತವೆ. ಗಾಯಕ್ಕೆ ಅರಿಷಿಣ ಮೆತ್ತುವ ರೂಢಿಯಿದೆ. ಹಳದಿಯನ್ನು ಕಸಮಾಂಸವೆಂದು ಕಲಿತ ಯಂತ್ರಕ್ಕೆ ಅರಿಷಿಣ ಏನೆಂದು ತೋರೀತು? ಎರೆಮಣ್ಣು ಕಟ್ಟಿದ ಒಡಕು ಹಿಮ್ಮಡಿ, ಮಂದ ಬೆಳಕಿನ ಪಡಸಾಲೆ ಇವೂ ಲೆಕ್ಕವನ್ನು ತಪ್ಪಿಸಬಲ್ಲವು.

ಪ್ರಯೋಗಾಲಯದ ಯಶಸ್ಸು ಊರಿನ ಆಸ್ಪತ್ರೆಯಲ್ಲಿ ಹಾಗೆಯೇ ಉಳಿಯುವುದಿಲ್ಲವೆಂಬುದಕ್ಕೆ ಥಾಯ್ಲೆಂಡ್‌ನ ಅನುಭವ ಸಾಕ್ಷಿ. ಮಧುಮೇಹಿಗಳ ಕಣ್ಣಿನ ಚಿತ್ರ ನೋಡಿ ರೋಗ ಗುರುತಿಸುವ ಗೂಗಲ್ ಸಂಸ್ಥೆಯ ವ್ಯವಸ್ಥೆಯನ್ನು ಅಲ್ಲಿನ ಚಿಕಿತ್ಸಾಲಯಗಳಲ್ಲಿ ಬಳಸಿದಾಗ, ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇಕಡಾ 21ರಷ್ಟನ್ನು ಗುಣಮಟ್ಟ ಸಾಲದೆಂದು ಯಂತ್ರವೇ ತಳ್ಳಿಹಾಕಿತೆಂದು 2020ರ ವರದಿ ತಿಳಿಸುತ್ತದೆ. ಬೆಳಕಿನ ಕೊರತೆಯೂ ಅದಕ್ಕೊಂದು ಕಾರಣವಾಗಿತ್ತು. ಆದ್ದರಿಂದ ನಮ್ಮ ನೆಲದ ಜನರ, ನಮ್ಮ ಆಸ್ಪತ್ರೆಗಳ ಚಿತ್ರಗಳಿಂದಲೇ ಇಂಥ ತಂತ್ರಾಂಶ ಕಲಿಯಬೇಕು, ಇಲ್ಲಿಯೇ ಪರೀಕ್ಷೆಗೊಳಗಾಗಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಐಐಟಿ, ಐಐಐಟಿ, ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯಗಳಿವೆ. ದೇಶಪಾಂಡೆ ಫೌಂಡೇಶನ್ ಬೆಳೆಸಿದ ನವೋದ್ಯಮ ಕೇಂದ್ರವಿದೆ. ರೋಗಿ, ವೈದ್ಯ, ಎಂಜಿನಿಯರ್ ಮೂವರೂ ಹತ್ತಿರದಲ್ಲಿರುವ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಈ ಅನುಕೂಲವನ್ನು ನಮ್ಮ ವಿದ್ಯಾವಂತ ಯುವಕರು ಕಾಣಬೇಕು.

ಚಿತ್ರ ಯಾರದು, ಹೊಣೆ ಯಾರದು

ಗಾಯದ ಚಿತ್ರವೂ ಮನುಷ್ಯನ ಮರ್ಯಾದೆಗೆ ಸಂಬಂಧಿಸಿದ್ದು. ಹಾಸಿಗೆ ಹಿಡಿದವರ ಬೆನ್ನು, ಸೊಂಟದ ಹುಣ್ಣುಗಳ ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವುದು ಇಂದು ಸಾಮಾನ್ಯವಾಗಿಬಿಟ್ಟಿದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಗೊಂಡು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಿಗೆ ಪಡೆಯುವುದು, ಒಪ್ಪಿಗೆ ಪಡೆದ ಉದ್ದೇಶಕ್ಕೆ ಮಾತ್ರ ಬಳಸುವುದು ಅದರ ತಿರುಳು. ಚಿಕಿತ್ಸೆಗೆಂದು ತೆಗೆದ ಚಿತ್ರವನ್ನು ಯಂತ್ರಕ್ಕೆ ಪಾಠ ಹೇಳಲು ಬಳಸುವುದಾದರೆ ಅದನ್ನು ರೋಗಿಗೆ ಕನ್ನಡದಲ್ಲಿ, ತಿಳಿಯುವ ಹಾಗೆ ಹೇಳಿ ಒಪ್ಪಿಸಬೇಕು. ಹೆಬ್ಬೆಟ್ಟಿನ ಗುರುತು ಪಡೆದ ಮಾತ್ರಕ್ಕೆ ಒಪ್ಪಿಗೆಯಾಗದು.

ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ತಂತ್ರಾಂಶವನ್ನೂ ಸೇರಿಸಿ 2020ರಲ್ಲಿಯೇ ಕೇಂದ್ರ ಸರಕಾರ ಆದೇಶ ಹೊರಡಿಸಿದೆ. ಆರೋಗ್ಯಕ್ಷೇತ್ರದಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ನೈತಿಕ ಮಾರ್ಗಸೂಚಿಗಳನ್ನು ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಪ್ರಕಟಿಸಿದೆ. ಮನುಷ್ಯನ ಮೇಲ್ವಿಚಾರಣೆ ಹಾಗೂ ಉತ್ತರದಾಯಿತ್ವ ಅದರ ಮುಖ್ಯ ಅಂಶಗಳಲ್ಲಿ ಸೇರಿವೆ. ಯಂತ್ರ ತಪ್ಪಿದಾಗ ‘ಅದು ಯಂತ್ರದ ಮಾತು’ ಎಂದು ನುಣುಚಿಕೊಳ್ಳುವ ಅವಕಾಶ ಯಾರಿಗೂ ಇರಬಾರದು. ಅಳತೆ ಹೇಳುವುದು ಯಂತ್ರದ ಕೆಲಸವಾದರೆ ತೀರ್ಮಾನಿಸುವುದು ವೈದ್ಯರ ಧರ್ಮ.

ಭಕ್ತರೂ ಮಠಗಳೂ ಮಾಡಬೇಕಾದದ್ದು

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ವೈದ್ಯವೃತ್ತಿಯೂ ಕಾಯಕವೇ ಎಂಬುದು ನಮ್ಮ ಪರಂಪರೆಗೆ ಹೊಸ ಮಾತಲ್ಲ. ಆ ಹೊಣೆ ಇಂದು ವೈದ್ಯರಿಗಷ್ಟೇ ಸೀಮಿತವಾಗಬೇಕಿಲ್ಲ.

ಯುಗಾದಿಯ ವೇಳೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ ಭಾಗಗಳಿಂದ ಸಹಸ್ರಾರು ಭಕ್ತರು ಶ್ರೀಶೈಲಕ್ಕೆ ನೂರಾರು ಕಿಲೋಮೀಟರ್ ಪಾದಯಾತ್ರೆ ಮಾಡುತ್ತಾರೆ. ಬೇಸಿಗೆಯ ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆಯುವವರೂ ಅವರಲ್ಲಿದ್ದಾರೆ. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗೆ ಅಂಗಾಲು ಬೊಬ್ಬೆಯೆದ್ದದ್ದೂ ತಿಳಿಯುವುದಿಲ್ಲ. ಮಲ್ಲಯ್ಯನ ದರ್ಶನಕ್ಕೆ ಹೋದ ಕಾಲು ಊರಿಗೆ ಮರಳಿದ ಮೇಲೆ ಆಸ್ಪತ್ರೆ ಸೇರುವಂತಾಗಬಾರದು. ಅಂಥವರು ಯಾತ್ರೆಗೆ ಮುನ್ನ ಪಾದಪರೀಕ್ಷೆ ಮಾಡಿಸಿಕೊಳ್ಳಲಿ. ನಡೆಯಲು ವೈದ್ಯರು ಒಪ್ಪಿದರೆ ತಕ್ಕ ಪಾದರಕ್ಷೆ ಧರಿಸಿಯೇ ನಡೆಯಲಿ. ಚಪ್ಪಲಿ ಧರಿಸಿದ ಮಾತ್ರಕ್ಕೆ ಭಕ್ತಿ ಕುಂದುವುದಿಲ್ಲವೆಂದು ಪೂಜ್ಯರೇ ಹೇಳಿದರೆ ಜನ ಕೇಳುತ್ತಾರೆ. ವೈದ್ಯರ ನೂರು ಸಲಹೆಗಳಿಗಿಂತ ಆ ಒಂದು ಮಾತಿಗೆ ಬಲ ಹೆಚ್ಚು. ದಾರಿಯುದ್ದಕ್ಕೂ ಅನ್ನದಾಸೋಹದ ಪೆಂಡಾಲುಗಳನ್ನು ಹಾಕುವ ಭಕ್ತರು, ಪಕ್ಕದಲ್ಲಿಯೇ ನರ್ಸಿಂಗ್ ವಿದ್ಯಾರ್ಥಿಗಳ ನೆರವಿನಿಂದ ಪಾದ ತಪಾಸಣೆಯ ಒಂದು ಮೇಜು ಇಡಬಹುದು. ಜಾತ್ರೆ, ಶಿವಾನುಭವ ಗೋಷ್ಠಿಗಳಲ್ಲಿಯೂ ಇದು ಸಾಧ್ಯ. ಮಧ್ಯಾಹ್ನ ಕಾಯುವ ಕಲ್ಲುಹಾಸಿನ ಅಂಗಳಕ್ಕೆ ಚಾಪೆ ಹಾಸುವುದು, ಮಧುಮೇಹಿಗಳಿಗೆ ಕಾಲುಚೀಲ ತೊಟ್ಟು ಒಳಬರಲು ಅವಕಾಶ ಕೊಡುವುದು ಹೆಚ್ಚು ಖರ್ಚಿನ ಕೆಲಸಗಳಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ಅದಕ್ಕೆ ಯಾವ ಯಂತ್ರವೂ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ರೂಢಿಗೆ ತಂದದ್ದು ಅದು. ಮಧುಮೇಹಿಯು ಕಣ್ಣು ಮುಚ್ಚಿರಲಿ. ಮನೆಯವರು ತಮ್ಮ ತೋರುಬೆರಳಿನಿಂದ ಅವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಕ್ಷಣ ಮೃದುವಾಗಿ ಮುಟ್ಟಲಿ, ಒತ್ತಬಾರದು, ಉಜ್ಜಬಾರದು. ಮುಟ್ಟಿದ್ದು ತಿಳಿದಾಗ ಅವರು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶಜ್ಞಾನ ಕುಂದಿದೆಯೆಂದು ತಿಳಿದು ವೈದ್ಯರನ್ನು ಕಾಣಬೇಕು.

ಇದರ ಜೊತೆಗೆ ಪ್ರತಿದಿನ ಅಂಗಾಲನ್ನು, ಬೆರಳುಗಳ ಸಂದುಗಳನ್ನು ನೋಡಿಕೊಳ್ಳಬೇಕು. ಬಾಗಲಾಗದವರಿಗೆ ಮಕ್ಕಳು ಮೊಮ್ಮಕ್ಕಳು ನೋಡಿ ಹೇಳಬೇಕು. ಚಪ್ಪಲಿ, ಬೂಟುಗಳನ್ನು ಝಾಡಿಸಿ ಧರಿಸಬೇಕು. ಕಾಲನ್ನು ಬಿಸಿನೀರಿನಲ್ಲಿ ಅದ್ದುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಗಾಯಕ್ಕೆ ಸುಣ್ಣ, ತಂಬಾಕು, ಸೊಪ್ಪಿನ ರಸ ಹಚ್ಚುವುದು ಬೇಡ. ಪಾದದಲ್ಲಿ ಗಾಯ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಕಪ್ಪಾದ ಬೆರಳು, ಜ್ವರ, ದುರ್ವಾಸನೆ, ಹಬ್ಬುವ ಊತ ಕಂಡರೆ ರಾತ್ರಿಯಾದರೂ ಕಾಯಬಾರದು. ರಾಜ್ಯ ಸರಕಾರವು 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ಮರುವರ್ಷ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯ ತಪಾಸಣೆಯಲ್ಲಿ ಮಧುಮೇಹಿಗಳ ಪಾದವೂ ಸೇರಿದೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದಾಗ ಸಂಕೋಚಪಡದೆ ಕಾಲು ತೋರಿಸಬೇಕು. ಗಾಯ ಅಳೆಯುವ ತಂತ್ರಾಂಶವು ಮುಂದೆ ಅವರ ಕೈಗೇ ಬರುವಂತಾದರೆ ಅದರ ನಿಜವಾದ ಪ್ರಯೋಜನ ಬಡವರಿಗೆ ತಲುಪುತ್ತದೆ. ದೊಡ್ಡ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿಯೇ ಉಳಿದರೆ ಬಿಲ್ಲಿನ ಮೊತ್ತ ಬೆಳೆದೀತು, ಅಷ್ಟೇ.

ಹೊಸ ವಿದ್ಯೆಯನ್ನು ಕಂಡು ಬೆದರುವುದೂ ಬೇಡ, ಅದಕ್ಕೆ ಮರುಳಾಗುವುದೂ ಬೇಡ. ಯಂತ್ರವು ಗಾಯದ ಅಳತೆಯನ್ನು ನಮಗಿಂತ ಚೆನ್ನಾಗಿ ಹೇಳೀತು. ಆದರೆ ಆ ಗಾಯವನ್ನು ಯಂತ್ರದ ಮುಂದೆ ಸಕಾಲದಲ್ಲಿ ತಂದು ನಿಲ್ಲಿಸುವವರು ಮನೆಯವರು, ನೆರೆಯವರು, ಊರವರು. ಮಠದ ಪ್ರತಿಯೊಬ್ಬ ಸದ್ಭಕ್ತರೂ ಇಂದು ಸಂಜೆ ತಮ್ಮ ಮನೆಯ ಹಿರಿಯರ ಪಾದಗಳಿಗೆ ನಮಸ್ಕರಿಸುವಾಗ ಅಂಗಾಲನ್ನೂ ಒಮ್ಮೆ ನೋಡಲಿ.